ಮೋನಪ್ಪನವರು ಸಾಕಿದ ಡೀಸೆಲ್ ಗಾಡಿ

ಬೆಳಕು ಹರಿಯುವ ಹೊತ್ತು. ಚೆನ್ನೈ ಕೋಡಂಬಾಕ್ಕಂನ ಕಾರು ಷೋರೂಮಿನ ಹಿಂದಿನ ಅಂಗಳದಲ್ಲಿ ಮೋನಪ್ಪ ಗಾಡಿ ತೊಳೆಯುತ್ತಿದ್ದಾರೆ. ಜೀಪಿನ ಎತ್ತರ, ಕಾರಿನ ಮೈಕಟ್ಟು, ಐವರು ಆರಾಮಾಗಿ ಕೂರಬಹುದಾದ ಡೀಸೆಲ್ ಗಾಡಿ. ಕೊಳ್ಳಲು ಬಂದವರನ್ನು ಇದರಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುವುದು ಅವರ ಕೆಲಸ. ದಿನಾ ತೊಳೆದ ಮೇಲೆ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಡುತ್ತಾರೆ. ರಾತ್ರಿಯಿಡೀ ನಿಂತ ಡೀಸೆಲ್ ಎಂಜಿನ್ನಿನ ಕಟಕಟ ಕೇಳಿದರೆ ಗಿರಾಕಿಯ ಮುಖ ಸಣ್ಣದಾಗುತ್ತದೆ. ಈ ಶನಿವಾರ ಮಾತ್ರ ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಜೇಬಿಗಿಳಿಸಿ ಟೀ ಅಂಗಡಿಯತ್ತ ಹೊರಟಿದ್ದಾರೆ.

ಕಾರಣ ಹೊಟ್ಟೆಕಿಚ್ಚು. ವರ್ಷ ತುಂಬಿದ ಡೆಮೊ ಗಾಡಿಯನ್ನು ಷೋರೂಮಿನವರು ರಿಯಾಯಿತಿಯಲ್ಲಿ ಮಾರಿಬಿಡುತ್ತಾರೆ. ಇವತ್ತು ಬರುವವರಿಗೆ ಹಿಡಿಸಿತೆಂದರೆ ಗಾಡಿ ಮೋನಪ್ಪನವರ ಕೈ ತಪ್ಪಿದಂತೆಯೇ. "ನಾನು ಸಾಕಿದ್ದು ಮಾರಾಯ್ರೇ! ಅದರ ಗೇರಿನ ಮನಸ್ಸು ನನಗೆ ಗೊತ್ತುಂಟು. ಇನ್ನು ಯಾರೋ ಬಂದು ಅದರ ಕಿವಿ ಹಿಂಡುವುದಾ?" ಹೊಸತು ಕೊಡುತ್ತಾರಲ್ಲ ಎಂದರೆ, "ಹೊಸತು ಬರ್‍ತದೆ. ಇದು ಬರುವುದಿಲ್ಲವಲ್ಲ" ಎನ್ನುತ್ತಾರೆ.

ಚೆನ್ನೈ ಇನ್ನೂ ಮದ್ರಾಸಾಗಿದ್ದಾಗ ಬಂಟ್ವಾಳದ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಆಮೇಲೆ ಲಾರಿ ಕ್ಲೀನರ್, ಟ್ಯಾಕ್ಸಿ ಡ್ರೈವರ್. ಈಗ ದಿನಕ್ಕೆ ಆರೇಳು ಕುಟುಂಬಗಳನ್ನು ಏಸಿಯಲ್ಲಿ ಸುತ್ತಿಸಿ, ಸಂಜೆ ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ನೇತಾಡುತ್ತಾ ಮನೆಗೆ ಹೋಗುತ್ತಾರೆ. ಹೆಂಡತಿ ಜಲಜಾಗಂತೂ ಆ ಗಾಡಿ ಕಂಡರಾಗದು. "ಅದಕ್ಕೆ ಶಾಂಪೂ, ನನಗೆ ಸೀಗೆಪುಡಿ. ಅದನ್ನೇ ಕಟ್ಟಿಕೊಳ್ಳಬೇಕಿತ್ತು ಇವರು."

ತ್ರಿಪ್ಲಿಕೇನಿನ ಬ್ಯಾಂಕ್ ಉದ್ಯೋಗಿ ಮುರಳೀಧರ ತಾಯಿ ಜಯಲಕ್ಷ್ಮಮ್ಮನವರೊಂದಿಗೆ ಬಂದಿಳಿಯುತ್ತಾರೆ. ಮೋನಪ್ಪ ನಿಜವನ್ನೇ ಹೇಳುತ್ತಾರೆ, ತಮಗೆ ಅನುಕೂಲವಾದ ನಿಜವನ್ನು. "ನಿಮ್ಮದು ಬ್ಯಾಂಕು, ಟಿ. ನಗರ, ದೇವಸ್ಥಾನ, ಅಷ್ಟೇ ಅಲ್ವಾ ಸಾರ್? ಪೆಟ್ರೋಲ್ ಸಾಕು. ಡೀಸೆಲಿಗೆ ಮೊದಲೇ ಜಾಸ್ತಿ ಕೊಡಬೇಕು. ದಿನಾ ದೂರ ಓಡಿಸಿದ್ರೆ ಮಾತ್ರ ಅದು ವಾಪಸ್ ಬರುವುದು." ಮನೆಮಂದಿಯೆಲ್ಲ ಕೂತು ಡಿಕ್ಕಿ ತುಂಬಿದರೂ ಡೀಸೆಲ್ ಸಲೀಸಾಗಿ ಎಳೆಯುತ್ತದೆಂಬ ಮಾತನ್ನು ನುಂಗಿಕೊಳ್ಳುತ್ತಾರೆ.

ಆದರೆ ಮಂಡಿನೋವಿನ ಮುದುಕಿ ಬಾಗಿಲ ಬಳಿ ತಡವರಿಸಿದಾಗ ಕೈ ಸುಮ್ಮನಿರುವುದಿಲ್ಲ. "ಮೊದಲು ಸೀಟಿಗೆ ಬೆನ್ನು ಮಾಡಿ ಕೂತ್ಕೊಳ್ಳಿ ಅಮ್ಮಾ. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಹಾಂ!"

ಆಮೇಲೆ ಕೀಲಿ ತಿರುಗಿಸುತ್ತಾರೆ. ತಣ್ಣಗಿನ ಎಂಜಿನ್ ಕಟಕಟನೆ ಕೆಮ್ಮಿ ಗುಡುಗುತ್ತದೆ. ಮುರಳೀಧರ ಮುಖ ಸಿಂಡರಿಸುತ್ತಾರೆ. ಮೋನಪ್ಪನವರಿಗೆ ಒಳಗೊಳಗೇ ಖುಷಿ.

"ಮುರಳೀ, ನಿಮ್ಮಪ್ಪನ ಎಂಜಿನ್ ಕಣೋ!" ಜಯಲಕ್ಷ್ಮಮ್ಮ ಸೀಟಿನಿಂದ ಮುಂದಕ್ಕೆ ಬಾಗಿದ್ದಾರೆ. ತೀರಿಕೊಂಡ ಅವರ ಯಜಮಾನರು ರೈಲ್ವೆಯಲ್ಲಿ ಡೀಸೆಲ್ ಎಂಜಿನ್ ಓಡಿಸುತ್ತಿದ್ದವರು.

"ಅಮ್ಮಾ, ಪೆಟ್ರೋಲ್ ಆದ್ರೆ ಸದ್ದೇ ಇರಲ್ಲ. ಲೆಕ್ಕ ಹಾಕಿದ್ರೆ..."

"ಲೆಕ್ಕ ನಿನ್ನ ಬ್ಯಾಂಕಲ್ಲಿ ಹಾಕ್ಕೋ, ಪೋಡಾ! ಇಂಥದ್ದು ಇನ್ನೊಂದಲ್ಲ, ನಂಗೆ ಇದೇ ಬೇಕು."

ಮಗ ಮುಂಗಡ ಕೊಟ್ಟಾಗಿದೆ. "ಬೆಳಿಗ್ಗೆ ಬಿಸಿ ಮಾಡಿಟ್ಟಿದ್ರೆ ಗಾಡಿ ಉಳೀತಿತ್ತು" ಎಂದು ಮೋನಪ್ಪ ನಗಲು ನೋಡುತ್ತಾರೆ, ನಗು ಬರುವುದಿಲ್ಲ. ತಾವೇ ಓಡಿಸಿ ನೋಡಿದ ಮುರಳೀಧರ ಸುತ್ತು ಮುಗಿಯುವವರೆಗೂ ಕ್ಲಚ್ಚಿನ ಮೇಲಿಂದ ಕಾಲು ತೆಗೆಯದೆ ಅದನ್ನು ಸವೆಸಿದರು ಎಂಬುದು ಇನ್ನೊಂದು ಸಂಕಟ.

ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ, ಮೋನಪ್ಪ ಗಾಡಿ ಒರೆಸುವ ಬಟ್ಟೆ ಹಿಂಡುತ್ತಾರೆ.

"ಗಾಡಿ ಅವರದ್ದೇ ಆಗಲಿ. ಸರ್ವೀಸಿಗೆ ಬಂದಾಗ ಗೇಟಿನಿಂದ ಒಳಗೆ ತರುವುದು ಮಾತ್ರ ನಾನೇ ಆಗ್ಬೇಕು. ಬೇರೆ ಯಾರಾದ್ರೂ ಕೈ ಹಾಕಿದ್ರೆ, ನೋಡಿ, ನನಗೆ ಆಗುವುದಿಲ್ಲ."