ಹೈದರಾಬಾದಿನಿಂದ ಎರಡು ತಾಸು

ಆಳಂದದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ವಿದ್ಯಾವತಿಯದು ಬಾಂಬೆ ಗುಂಪಿನ ರಕ್ತ. ಸಾವಿರಾರು ಮಂದಿಯಲ್ಲಿ ಒಬ್ಬರಿಗಿರುವಂಥದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನಂತೆಯೇ ಕಾಣುತ್ತದೆ, ಆದರೆ ಓ ರಕ್ತ ಕೊಟ್ಟರೆ ಒಗ್ಗುವುದಿಲ್ಲ. ಇದು ತಿಳಿದದ್ದು ಅಕ್ಕ ಶಿವಕಾಂತಾಳ ಹೆರಿಗೆಯಲ್ಲಿ. ಗುಂಪು ಯಾವುದೆಂದು ಗುರುತು ಸಿಗುವಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಳು. ಅದೇ ರಕ್ತದ ತಂಗಿ ಅಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಣ್ಣು ಮಾಡಿ ಬಂದ ವಾರದಲ್ಲೇ ವಿದ್ಯಾವತಿ ಕಲಬುರಗಿಯ ರಕ್ತನಿಧಿಗೆ ಹೋಗಿ ದಾನಿಯೆಂದು ಹೆಸರು ಬರೆಸಿದಳು.

ಆರು ವರ್ಷ ಯಾರೂ ಕರೆಯಲಿಲ್ಲ. ಕಳೆದ ಮಾಘದಲ್ಲಿ, ಜೋಳ ಬೀಸುತ್ತಿದ್ದಾಗ ರಕ್ತನಿಧಿಯಿಂದ ಫೋನು ಬಂತು. ಕೋಲ್ಕತ್ತಾದಲ್ಲಿ ಒಬ್ಬ ಹುಡುಗನಿಗೆ ಅಪಘಾತವಾಗಿದೆ, ಆಪರೇಶನ್ನಿಗೆ ಈ ರಕ್ತವೇ ಬೇಕು, ಹತ್ತಿರದಲ್ಲಿ ಯಾರೂ ಸಿಕ್ಕಿಲ್ಲ.

ಗಂಡ ಸಂತೋಷಕುಮಾರ ಬೇಡವೆಂದ. "ಅವರ್ಯಾರು, ನಾವ್ಯಾರು? ಬಂಗಾಲ ಎಲ್ಲದ ಅಂತ ಗೊತ್ತದ ಏನು ನಿನಗ?"

"ಹೈದ್ರಾಬಾದದಿಂದ ವಿಮಾನದಾಗ ಎರಡೇ ತಾಸಂತ."

"ಹೈದ್ರಾಬಾದಿಗಿ ಹೋಗಾದ್ರಾಗೇ ದಿನ ಮುಳುಗ್ತದ."

"ಅದಕ್ಕೇ ಈಗ ಹೊಂಟೇನಿ" ಎಂದು ಅವಳು ಗಿರಣಿ ಬಂದ್ ಮಾಡಿದಳು.

ಸಂತೋಷಕುಮಾರ ಎದ್ದು ಹೋದ. ಗೆಳೆಯ ಲಾಡ್ಲೆಸಾಬನ ಜೀಪು ತಂದು ತಾನೇ ನಡೆಸಿದ. ಆಳಂದದ ದಾರಿ, ಕಲಬುರಗಿ, ಹುಮನಾಬಾದ, ಜಹೀರಾಬಾದ. ತಗ್ಗು, ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅವಳು ಮತ್ತೆ ಮತ್ತೆ ಗಡಿಯಾರ ನೋಡಿದಳು. ಆಕಾಶದಲ್ಲಿ ಸಾವಿರದಿನ್ನೂರು ಕಿಲೋಮೀಟರು ಎರಡು ತಾಸಿನ ಮಾತು. ನೆಲದ ಮೇಲೆ ಅದರ ಕಾಲುಭಾಗಕ್ಕೆ ಆರು ತಾಸು ಹಿಡಿಯಿತು. ವಿಮಾನ ಮೊದಲ ಸಲ. ಹೆದರಿಕೆಯಾಗಲಿಲ್ಲ, ಒಳಗೆ ಬೇರೆಯದೇ ಸಂಕಟವಿತ್ತು. ಅಕ್ಕನ ಹತ್ತಿರ ಹೋಗಲು ಒಂದು ಬಾಗಿಲಷ್ಟೇ ದಾಟಬೇಕಿತ್ತು ಎಂದುಕೊಂಡಳು.

ಕೋಲ್ಕತ್ತಾದಲ್ಲಿ ಇಳಿದವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದರು. ರಕ್ತ ಕೊಟ್ಟಾದ ಮೇಲೆ ಹುಡುಗನ ತಂದೆ ಬಂದು ಕೈಮುಗಿದು ನಿಂತ. ಅವನ ಮಾತು ಅವಳಿಗೆ ತಿಳಿಯಲಿಲ್ಲ. "ಕೂಡ್ರಿ" ಎಂದು ಪಕ್ಕದ ಕುರ್ಚಿ ತೋರಿಸಿದಳು. ಆಪರೇಶನ್ ಮುಗಿಯುವ ತನಕ ಇಬ್ಬರೂ ಅಲ್ಲೇ ಕೂತರು.

ಆಪರೇಶನ್ ಆಯಿತು, ವಿದ್ಯಾವತಿ ಊರಿಗೆ ಮರಳಿದಳು. ಆದರೆ ನಾಲ್ಕನೆಯ ದಿನ ಹುಡುಗ ತೀರಿಕೊಂಡ. ತಂದೆ ಫೋನಿನಲ್ಲಿ ಯಾರಿಂದಲೋ ಹಿಂದಿಯಲ್ಲಿ ಹೇಳಿಸಿದ: ಮಗನಿಗೆ ಒಮ್ಮೆ ಎಚ್ಚರವಾಗಿತ್ತು, ತಾಯಿಯ ಜೊತೆ ಮಾತಾಡಿದ.

ಆ ದಿನ ವಿದ್ಯಾವತಿ ಗಿರಣಿ ತೆರೆಯಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತಿದ್ದವಳ ಹತ್ತಿರ ಸಂತೋಷಕುಮಾರ ಬಂದು ಕೂತ.

"ಹೋಗಿದ್ದು ವ್ಯರ್ಥ ಆಯ್ತೇನ್ರಿ?" ಎಂದಳು.

 "ತಾಯಿ ಜೋಡಿ ಮಾತಾಡ್ಯಾನಲ್ಲ" ಎಂದ. "ನಮ್ಮ ಶಿವಕಾಂತಾಗ ಅಷ್ಟೂ ಆಗ್ಲಿಲ್ಲ."

ಆಗ ಅವಳು ಅತ್ತಳು. ಅಕ್ಕ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಮಳೆಗಾಲದಲ್ಲಿ ನಾಗಪುರದಿಂದ ಇನ್ನೊಂದು ಕರೆ ಬಂತು. ಈ ಸಲ ಫೋನು ಎತ್ತಿದವನು ಸಂತೋಷಕುಮಾರ. ಊರು ಎಷ್ಟು ದೂರವೆಂದು ಅವನು ಕೇಳಲಿಲ್ಲ; ಯಾವ ಹೊತ್ತಿಗೆ ಬರಬೇಕೆಂದಷ್ಟೇ ಕೇಳಿದ.