ಮೂರನೆಯದಲ್ಲ ಎಂದು ದೃಢೀಕರಿಸಲಾಗಿದೆ

ಪದವಿ ಕೈಗೆ ಬಂದ ದಿನದಿಂದ ನನ್ನ ಬಾಯಿಂದ ಒಂದು ಮಾತು ಹೊರಡುವುದು ನಿಂತುಹೋಗಿತ್ತು. ‘ನನಗೆ ಗೊತ್ತಿಲ್ಲ’ ಎಂಬ ಮಾತು. ಹೆಬ್ಬೆಟ್ಟು ಒತ್ತುವ ಅಪ್ಪನ ಮಗ ನಾನು. ಹಗಲು ಪೀಣ್ಯದಲ್ಲಿ ಲೇತ್ ಮುಂದೆ ನಿಂತು, ಸಂಜೆ ಕಾಲೇಜಿನ ಬೆಂಚಿನ ಮೇಲೆ ತೂಕಡಿಸಿ, ಏಳು ವರ್ಷಕ್ಕೆ ಬಿ.ಇ. ಮುಗಿಸಿದವನು. ಇಷ್ಟಾದ ಮೇಲೂ ಗೊತ್ತಿಲ್ಲ ಅಂದರೆ ಏನು ಮರ್ಯಾದೆ? ಸಿರಾ ಕಡೆಯ ನಮ್ಮೂರಿಗೆ ಹೋದರೆ ಹಸುವಿನ ವಿಮೆ ಕಾಗದ, ಕೆಟ್ಟುಹೋದ ರಿಮೋಟು, ಗೊಬ್ಬರದ ಚೀಲದ ಮೇಲಿನ ಬರಹ ಎಲ್ಲವೂ ನನ್ನ ಮುಂದೆಯೇ ಬರುತ್ತಿದ್ದವು. ಒಮ್ಮೆ ಚಿಕ್ಕಮ್ಮ ತಮ್ಮ ಮೊಣಕಾಲಿನ ಎಕ್ಸ್‌ರೇ ತಂದರು. ಬಿಸಿಲಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಮೂಳೆ ಚೆನ್ನಾಗಿದೆ ಎಂದೆ. ಅದು ಚಿಕ್ಕಪ್ಪನ ಮೊಣಕೈ, ಕವರು ಅದಲುಬದಲಾಗಿದೆ ಎಂದು ಆಮೇಲೆ ತಿಳಿಯಿತು. ಆದರೂ ಮೂಳೆ ಚೆನ್ನಾಗಿತ್ತು ಎಂಬುದು ಇವತ್ತಿಗೂ ನನ್ನ ವಾದ.

ಹೀಗಿರುವ ನನ್ನನ್ನು ಒಂದು ಭಾನುವಾರ ನಮ್ಮ ಮನೆ ಮಾಲೀಕರು ಮಾಳಿಗೆಯಿಂದಲೇ ಕೂಗಿ ಕರೆದರು. ಮುನಿರಾಜಣ್ಣ ಪೀಣ್ಯ ಇನ್ನೂ ರಾಗಿ ಹೊಲವಾಗಿದ್ದ ಕಾಲದ ಒಕ್ಕಲುಮನೆಯವರು. ಹೊಲ ಹೋಗಿ ಶೆಡ್ಡುಗಳೂ ಬಾಡಿಗೆ ರೂಮುಗಳೂ ಆಗಿವೆ. ಹರೆಯದಲ್ಲಿ ಅವರು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರಂತೆ. ಆಗಿನ ಸಿಂಥಸೈಜರ್ ಈಗಲೂ ಅವರ ಮನೆಯಲ್ಲಿದೆ. ಮುಂದೆ ಬೆರಳೊತ್ತುವ ಬಿಳಿ ಕರಿ ಮನೆಗಳು, ಮೇಲೆ ಕೈಯಲ್ಲಿ ತಿರುಗಿಸುವ ಸಾಲುಸಾಲು ತಿರುಪುಗಳು. ಈಗಿನವುಗಳಂತೆ ಕಂಪ್ಯೂಟರಿನ ಬುದ್ಧಿ ಅದಕ್ಕಿಲ್ಲ. ಒಳಗೆ ಓಡುವ ಕರೆಂಟನ್ನೇ ಹಿಗ್ಗಿಸಿ ಕುಗ್ಗಿಸಿ ಸ್ವರ ಮಾಡುವ ಪೆಟ್ಟಿಗೆ. ಆಯುಧಪೂಜೆಯ ದಿನ ಬೈಕಿಗೂ ಗ್ರೈಂಡರಿಗೂ ನಡುವೆ ಅದನ್ನಿಟ್ಟು ಹೂ ಹಾಕುತ್ತಾರೆ. ಅವರ ಮಗಳು ಆ ಪೂಜೆಯ ಫೋಟೋವನ್ನು ಫೋನಿನಲ್ಲಿ ಹತ್ತು ಜನಕ್ಕೆ ಕಾಣುವ ಹಾಗೆ ಹಾಕಿದ್ದಳು. ಅದು ಹೇಗೋ ಬ್ರೂಕ್‌ಫೀಲ್ಡ್ ತಲುಪಿ, ಅಲ್ಲಿಂದ ಕಾರ್ತಿಕ್ ಎಂಬ ಸಾಫ್ಟ್‌ವೇರ್ ಹುಡುಗ ಅದನ್ನು ಕೊಳ್ಳಲೆಂದು ಇಡೀ ಬೆಂಗಳೂರನ್ನು ಅಡ್ಡಡ್ಡ ದಾಟಿ ಬಂದು ಮಾಳಿಗೆಯ ಮೇಲೆ ನಿಂತಿದ್ದ.

ಕಾರ್ತಿಕ್ ಹೇಳಿದ್ದು ಇಷ್ಟು. ಈ ಯಂತ್ರ ಮೂರು ಆವೃತ್ತಿಗಳಲ್ಲಿ ಬಂದಿದೆ. ಮೊದಲನೆಯದು ಬಿಸಿಯಾದರೆ ಸ್ವರ ಜಾರುತ್ತದೆ. ಎರಡನೆಯದೂ ಜಾರುತ್ತದೆ, ಸ್ವಲ್ಪ ಕಡಿಮೆ. ಮೂರನೆಯದರಲ್ಲಿ ಎಲ್ಲ ಸರಿಮಾಡಿದರು. ಅದು ಬೆಂಕಿಯ ಪಕ್ಕ ಇಟ್ಟರೂ ಅಲುಗದು. ಆದರೆ ಆ ಜಾರಾಟದಲ್ಲೇ ಜೀವವಿದೆಯಂತೆ. ಹಾಗಾಗಿ ಮೂರನೆಯದನ್ನು ಯಾರೂ ಮೂಸುವುದಿಲ್ಲ, ಮೊದಲನೆಯದಕ್ಕೆ ಜಗತ್ತು ಪ್ರಾಣ ಬಿಡುತ್ತದೆ.

ನಾನು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಕೂದಲೆಳೆಯಷ್ಟು ಅಳತೆ ತಪ್ಪಿದ ಶಾಫ್ಟನ್ನು ಕೆಂಪು ಡಬ್ಬಕ್ಕೆ ಎಸೆಯುವುದೇ ನನ್ನ ಅನ್ನ. ತಪ್ಪಿದ್ದಕ್ಕೆ ಹೆಚ್ಚು ಬೆಲೆ ಎಂಬುದನ್ನು ಕೇಳಿ, ಇಷ್ಟು ವರ್ಷ ಎಸೆದ ಶಾಫ್ಟುಗಳೆಲ್ಲ ಒಂದು ಸಲ ಕಣ್ಣ ಮುಂದೆ ಬಂದುಹೋದವು.

ಮುನಿರಾಜಣ್ಣನ ಕಿವಿಗೆ ಬೆಲೆಯ ಮಾತು ಬಿದ್ದೇ ಇರಲಿಲ್ಲ. “ಆ ಬಿಸಿ ವಿಷ್ಯ ಇನ್ನೊಂದ್ಸಲ ಯೋಳಪ್ಪ” ಎಂದರು.

ಕಾರಣವಿತ್ತು. ಬಹಳ ಹಿಂದೆ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್ ಮೈದಾನದಲ್ಲಿ ಗಣೇಶನ ಕಾರ್ಯಕ್ರಮ. ತಲೆಯ ಮೇಲೆ ಬಿಸಿ ಕಾರುವ ದೊಡ್ಡದೊಡ್ಡ ದೀಪಗಳು. ಮೂರನೇ ಹಾಡಿನ ನಡುವೆ ಮುನಿರಾಜಣ್ಣನ ಕೀಬೋರ್ಡು ಒಂದು ದಾರಿ, ಗಾಯಕ ಒಂದು ದಾರಿ. ಜನ ಶಿಳ್ಳೆ ಹೊಡೆದರು, ಗಾಯಕ ಮೈಕು ಇಟ್ಟು ಇಳಿದು ಹೋದ. ಅಲ್ಲಿಗೆ ಆರ್ಕೆಸ್ಟ್ರಾ ಮುಗಿಯಿತು, ‘ಅಪಸ್ವರ ಮುನಿರಾಜ’ ಎಂಬ ಹೆಸರು ಉಳಿಯಿತು. ಗ್ಯಾಸ್ ಸಿಲಿಂಡರ್ ತರುವವನೂ ಆ ಹೆಸರಿನಿಂದಲೇ ಮನೆ ಹುಡುಕುತ್ತಾನೆ. ತಮ್ಮ ಬೆರಳು ಸರಿಯಾಗಿತ್ತು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಒಪ್ಪಿದವರಿಲ್ಲ, ಹೆಂಡತಿ ಜಯಕ್ಕನೂ ಸೇರಿ. ಈಗ ಲೆಕ್ಕ ಸರಳ. ಪೆಟ್ಟಿಗೆ ಮೂರನೆಯದಾದರೆ ತಪ್ಪು ಮನುಷ್ಯನದು. ಅಲ್ಲವಾದರೆ ಪೆಟ್ಟಿಗೆಯದು.

“ಇಂಜಿನಿಯರ್ರು ಯೋಳ್ಲಿ. ಓದಿರೋರು” ಎಂದರು ಮುನಿರಾಜಣ್ಣ.

ಸರಿಗಮದಲ್ಲಿ ಸ ಮುಗಿದು ರಿ ಎಲ್ಲಿ ಶುರುವಾಗುತ್ತದೆಂದು ತಿಳಿಯದ ನಾನು, ಎಕ್ಸ್‌ರೇ ನೋಡಿದ ಅದೇ ಗಾಂಭೀರ್ಯದಿಂದ ತಲೆಯಾಡಿಸಿದೆ.

ಆವೃತ್ತಿ ಕಂಡುಹಿಡಿಯಲು ಹಿಂಬದಿಯ ನಂಬರ್ ಪ್ಲೇಟ್ ನೋಡಿದರೆ ಸಾಕು ಎಂದ ಕಾರ್ತಿಕ್. ನೋಡಿದೆವು. ಅಷ್ಟೂ ವರ್ಷಗಳ ಆಯುಧಪೂಜೆಯ ಗಂಧ ಕುಂಕುಮ ಪದರಪದರವಾಗಿ ಗಟ್ಟಿಕಟ್ಟಿ, ಪ್ಲೇಟಿನ ಜಾಗದಲ್ಲಿ ಕೆಂಪು ದಿಬ್ಬ ಎದ್ದಿತ್ತು. ಬೇರೆಲ್ಲೂ ಜಾಗವಿಲ್ಲವೆಂಬಂತೆ ಸರಿಯಾಗಿ ನಂಬರಿನ ಮೇಲೇ ಬೊಟ್ಟಿಟ್ಟಿದ್ದರು. ನಮ್ಮಲ್ಲಿ ಯಂತ್ರದ ಹಣೆ ಅಂದರೆ ನಂಬರ್ ಪ್ಲೇಟೇ. ಕಾರ್ತಿಕ್ ಕೀಲಿಕೈ ತೆಗೆದು ಕೆರೆಯಲು ಹೋದ. “ದೇವ್ರ ಕುಂಕುಮ ಕೆರೀಬಾರ್ದಪ್ಪ” ಎಂದರು ಜಯಕ್ಕ. ಮುಗಿಯಿತು.

ಮುಚ್ಚಳ ಬಿಚ್ಚಿದೆವು. ಒಳಗಿನ ಗುರುತು ನೋಡೋಣವೆಂದರೆ, ಕೆಟ್ಟಾಗೆಲ್ಲ ಪೀಣ್ಯದ ಮೆಕ್ಯಾನಿಕ್ಕುಗಳು ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. ಒಂದು ತಿರುಪು ಮಿಕ್ಸಿಯದು, ಸ್ವಿಚ್ಚು ಟ್ರ್ಯಾಕ್ಟರಿನದು. ಬುಷ್ ಎಂಬ ಸಣ್ಣ ಲೋಹದ ಬಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಅದು ನಮ್ಮ ಫ್ಯಾಕ್ಟರಿಯದು; ಕೆಂಪು ಡಬ್ಬದಿಂದ ಎದ್ದು ಬಂದದ್ದು. ಕಾರ್ತಿಕ್ ನೆಲದ ಮೇಲೆ ಕೂತುಬಿಟ್ಟ.

ಆಗ ನನಗೆ ನನ್ನ ಕೆಲಸವೇ ನೆನಪಾಯಿತು. ನಮ್ಮ ಅಳತೆಯ ಕೋಣೆಯನ್ನು ಸದಾ ಇಪ್ಪತ್ತು ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಕಬ್ಬಿಣವೂ ಬಿಸಿಲಲ್ಲಿ ಹಿಗ್ಗಿ ಸುಳ್ಳು ಹೇಳುತ್ತದೆ. ತಣ್ಣಗಾದರೆ ನಿಜಕ್ಕೆ ಮರಳುತ್ತದೆ. ಹಾಗಾದರೆ ಹುಟ್ಟು ಗುರುತು ಯಾಕೆ ಬೇಕು, ನಡತೆ ನೋಡಿದರಾಯಿತು. ಜಯಕ್ಕನ ಸಂಡಿಗೆಯ ಪಂಚೆಯನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟೆವು. ಕೀಬೋರ್ಡಿನ ಒಂದು ಮನೆಯನ್ನು ಒತ್ತಿಹಿಡಿಯಲು ಅದರ ಮೇಲೆ ಉಕ್ಕಿನ ತುಂಡೊಂದನ್ನು ಹೇರಿದೆ. ಸ್ವರ ಅಳೆಯಲು ಕಾರ್ತಿಕ್ ಫೋನು ಹಿಡಿದ. ‘ಕುಂಯ್’ ಎಂಬ ಒಂದೇ ಸ್ವರ ಬೀದಿಯೆಲ್ಲ ಹರಡಿತು. ಅಪಸ್ವರ ಬರಲಪ್ಪಾ ಎಂದು ಮೂರು ಜನ ಗಂಡಸರು ಬಿಸಿಲಲ್ಲಿ ಕೈಕಟ್ಟಿ ನಿಂತು ಬೇಡಿದ್ದು ಪೀಣ್ಯದ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಎದುರು ರೂಮಿನ ಗಾರೆ ಕೆಲಸದ ಅಣ್ಣ ಬಂದು, ಯಾರಾದರೂ ಹೋಗಿಬಿಟ್ಟರೇ ಎಂದು ಮೆಲ್ಲಗೆ ವಿಚಾರಿಸಿದ.

ಅರ್ಧ ಗಂಟೆಗೆ ಸ್ವರ ಜಾರತೊಡಗಿತು. ಫೋನಿನ ಮುಳ್ಳು ವಾಲಿತು, ಆಮೇಲೆ ಮಲಗಿತು. ಸಂಗೀತ ತಿಳಿಯದ ನನಗೂ ಹಲ್ಲು ಜುಮ್ಮೆಂದಿತು. ನೆರಳಿಗೆ ತಂದೆವು, ತಣಿಯುತ್ತ ತಣಿಯುತ್ತ ತಾನಾಗಿಯೇ ಸ್ವರಕ್ಕೆ ಮರಳಿತು. ಮತ್ತೆ ಬಿಸಿಲು, ಮತ್ತೆ ಜಾರಿತು. ಕೆಟ್ಟದ್ದಾದರೆ ಹೀಗೆ ಮರಳುವುದಿಲ್ಲ. ಇದು ಅದರ ಸ್ವಭಾವ.

ಮುನಿರಾಜಣ್ಣ ಟವೆಲಿನಿಂದ ಪೆಟ್ಟಿಗೆಯ ಮೈ ಒರೆಸಿದರು, ಆಮೇಲೆ ಅದೇ ಟವೆಲಿನಿಂದ ಮುಖ ಒರೆಸಿಕೊಂಡರು.

“ಸರ್, ಫಸ್ಟಾ ಸೆಕೆಂಡಾ?” ಎಂದ ಕಾರ್ತಿಕ್. ಅವನಿಗೆ ಬೇಕಾದದ್ದು ಮೊದಲನೆಯದು ಮಾತ್ರ.

ಎರಡೂ ಜಾರುವಂಥವೇ. ನಾಲಿಗೆ ತುದಿಯಲ್ಲಿ ‘ಮೊದಲನೆಯದೇ’ ಎಂಬ ಉತ್ತರ ಸಿದ್ಧವಾಗಿತ್ತು. ಆದರೆ ಸುಮ್ಮನೆ ಒಂದು ಮಾತು ಸೇರಿಸಿದರೆ, ಈಗಷ್ಟೇ ಗೆದ್ದ ಮನುಷ್ಯನ ಗೆಲುವಿಗೂ ಅದರ ಕೊಳೆ ತಾಗುತ್ತದೆ ಅನ್ನಿಸಿತು. “ನನಗೆ ಗೊತ್ತಿಲ್ಲ” ಎಂದೆ. ಏಳು ವರ್ಷದ ಓದು ಮಾಳಿಗೆಯಿಂದ ಉರುಳಿ ಬೀಳುತ್ತದೆಂದು ಕಾದೆ. ಏನೂ ಬೀಳಲಿಲ್ಲ. ಮೂರನೆಯದಲ್ಲ ಎಂದಷ್ಟೇ ನಾನು ಬಲ್ಲೆ ಎಂದೆ.

ಅಷ್ಟನ್ನೇ ಬರೆದುಕೊಡಬೇಕೆಂದರು ಮುನಿರಾಜಣ್ಣ. ‘ಸದರಿ ಯಂತ್ರವು ಮೂರನೆಯದಲ್ಲ ಎಂದು ದೃಢೀಕರಿಸಲಾಗಿದೆ’ ಎಂದು ಬರೆದು, ಬಿ.ಇ. ಎಂದು ಎದ್ದುಕಾಣುವಂತೆ ಸಹಿ ಹಾಕಿದೆ. ಅದೀಗ ಫ್ರೇಮಿನಲ್ಲಿ ತೂಗುತ್ತಿದೆ. ಬಂದವರು ಓದಿ, ಅರ್ಥವಾಗದೆ, ಕೈಮುಗಿದು ಹೋಗುತ್ತಾರೆ. ಕಾರ್ತಿಕ್ ಹೋಗುವಾಗ, ಎರಡನೆಯದಾದರೂ ಪರವಾಗಿಲ್ಲ, ಕೊಡುತ್ತೀರಾ ಎಂದು ಕೇಳಿದ. “ಸಾಕ್ಷೀನ ಯಾರಾದ್ರೂ ಮಾರ್ತಾರೇನಪ್ಪ?” ಎಂದರು ಮುನಿರಾಜಣ್ಣ.

ಆ ಸಂಜೆ ತಣ್ಣನೆಯ ಗಾಳಿಯಲ್ಲಿ ಮುನಿರಾಜಣ್ಣ ಜಾಲಹಳ್ಳಿಯ ಆ ಮೂರನೇ ಹಾಡನ್ನೇ ನುಡಿಸಿದರು. ಎರಡನೇ ಸಾಲಿನಲ್ಲಿ ಎಲ್ಲೋ ಎಡವಿದರು. ನನಗೇ ತಿಳಿಯಿತು ಅಂದಮೇಲೆ ದೊಡ್ಡ ಎಡವಟ್ಟೇ.

ಸಂಡಿಗೆ ಎತ್ತುತ್ತಿದ್ದ ಜಯಕ್ಕ ತಲೆ ಎತ್ತದೆ, “ಈಗ ತಣ್ಣಗೈತಲ್ಲ. ಈಗ್ಯಾಕೆ ತಪ್ತು?” ಎಂದರು.

ನಾನು ಮುನಿರಾಜಣ್ಣನ ಮುಖ ನೋಡಿದೆ. ಅಷ್ಟು ವರ್ಷ ಒಂದು ಸಣ್ಣ ತಪ್ಪನ್ನೂ ತನ್ನದೆಂದು ಒಪ್ಪದೆ ಬಂದ ಮನುಷ್ಯ ಅವರು. ಒಂದನ್ನು ಒಪ್ಪಿದರೆ ಜಾಲಹಳ್ಳಿಯ ಆ ರಾತ್ರಿಯದನ್ನೂ ಒಪ್ಪಿದಂತೆ ಎಂಬ ಹೆದರಿಕೆ ಇದ್ದಿರಬೇಕು.

“ಅದಾ? ಅದು ನಂದೇ ಕಣಮ್ಮಿ” ಎಂದರು ಮುನಿರಾಜಣ್ಣ, ಹೊಸ ಅಂಗಿ ತೋರಿಸುವವರ ಹಾಗೆ. ಮತ್ತೆ ಮೊದಲಿನಿಂದ ಶುರುಮಾಡಿ, ಅದೇ ಜಾಗದಲ್ಲಿ, ಇನ್ನೂ ಜೋರಾಗಿ ತಪ್ಪಿದರು.