ಕಾಣಿಯೂರಿಗೊಂದು ಬಿಸಿ ನೆಲ

ಕಾಣಿಯೂರಿನಲ್ಲಿ ಮನೆ ಕಟ್ಟಿಕೊಂಡು, ಅದರ ನೆಲವನ್ನು ಬಿಸಿ ಮಾಡಿಸಲು ಹೊರಟವನು ಬಹುಶಃ ನಾನೊಬ್ಬನೇ. ಏಪ್ರಿಲ್ ಬಂತೆಂದರೆ ಅಂಗಿ ಬಿಚ್ಚಿ ಬರಿನೆಲದ ಮೇಲೆ ಹೊರಳಾಡಿ ತಂಪು ಹುಡುಕುವ ಜನ ನಾವು. ಇಂಥಲ್ಲಿ ಟೈಲ್ಸಿನ ಅಡಿಗೆ ಕರೆಂಟಿನ ತಂತಿ ಹಾಸಿ ನೆಲ ಕಾಯಿಸುತ್ತೇನೆಂದಾಗ ನೆಂಟರು ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಹೆಂಡತಿಯ ಮುಖ ನೋಡಿದರು. ಅವಳು ನಗುತ್ತಿದ್ದುದರಿಂದ ಯಾರೂ ಒಳ್ಳೆಯ ಡಾಕ್ಟರ ಹೆಸರು ಸೂಚಿಸಲಿಲ್ಲ.

ನನ್ನ ಹೆಂಡತಿ ಶಾರದೆ ಊರಿನ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಮಕ್ಕಳು ಶಾಲೆಗೆ ಹೊರಡುವ ಮೊದಲು, ಬೆಳ್ಳಂಬೆಳಗ್ಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಡೆಯುವ ಪಾಠ. ನಮ್ಮೂರಿನಲ್ಲಿ ಚಳಿಯೇ ಇಲ್ಲವೆನ್ನುವವರು ಜನವರಿಯ ಮುಂಜಾನೆ ಇಲ್ಲಿಗೆ ಬಂದವರಲ್ಲ. ಸುಬ್ರಹ್ಮಣ್ಯದ ಬೆಟ್ಟಗಳ ಕಡೆಯಿಂದ ಇಳಿದು ಬರುವ ಥಂಡಿ ನೇರ ನಮ್ಮ ಚಾವಡಿಯ ಟೈಲ್ಸಿಗೆ ಬಂದು ಠಿಕಾಣಿ ಹೂಡುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ದಿನ ಪಾಠ ಮುಗಿದರೂ ಅವಳಿಗೆ ಏಳಲಾಗಲಿಲ್ಲ. ಕಾಲಿನ ನರ ಹಿಡಿದುಕೊಂಡಿತ್ತು. ಇಬ್ಬರು ಹುಡುಗಿಯರು ಕೈಹಿಡಿದು ಎಬ್ಬಿಸಿದರು. ಆ ವಾರವೇ ತರಗತಿ ನಿಂತಿತು, ಬೇಸಿಗೆ ಬಂದರೂ ಕಾಲು ಟೈಲ್ಸಿನ ಥಂಡಿ ತಡೆಯದೆ ಮತ್ತೆ ಶುರುವಾಗಲಿಲ್ಲ. ಚಾಪೆ, ಕಂಬಳಿ, ಮಣೆ ಎಲ್ಲವನ್ನೂ ಹಾಕಿ ನೋಡಿದ್ದಾಯಿತು. ಕುರ್ಚಿಯಲ್ಲಿ ಕೂತು ಕಲಿಸು ಎಂದೆ. "ಕುರ್ಚಿಯಲ್ಲಿ ಕೂತ್ರೆ ನನ್ನ ಷಡ್ಜ ಸಹ ಕಾಲು ಇಳಿಬಿಟ್ಟು ಕೂತ್ಕೊಳ್ತದೆ" ಎಂದಳು. ಬೆಳಗ್ಗಿನ ಹೊತ್ತು ಸುಮ್ಮನಿರುವ ಮನೆ ನನಗೂ ಹಿಡಿಸಲಿಲ್ಲ. ನಮ್ಮ ಜಗಳಗಳು ಕೂಡ ಅವಳು ಕಲಿಸುತ್ತಿದ್ದಾಗ ಹೆಚ್ಚು ಇಂಪಾಗಿದ್ದವು.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ಹಿಂದೆ ರೋಮಿನವರು ನೆಲದಡಿಯಲ್ಲಿ ಬಿಸಿಗಾಳಿ ಹಾಯಿಸಿ ಕೋಣೆ ಬೆಚ್ಚಗಿಡುತ್ತಿದ್ದರೆಂದು ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಆ ಪಾಠದಿಂದ ಮನೆಗೆ ಉಪಯೋಗವಾದೀತೆಂದು ಹೊಳೆದದ್ದು ಆಗಲೇ. ಮಂಗಳೂರಿನಲ್ಲಿ ವಿಚಾರಿಸಿದರೆ ರೋಮಿನವರ ಒಲೆಯ ಬದಲು ತಂತಿ ಹೆಣೆದ ಕರೆಂಟಿನ ಚಾಪೆ ಸಿಗುತ್ತದಂತೆ. ಸರಿ, ಮನೆಯ ಪಕ್ಕಕ್ಕೊಂದು ಸಂಗೀತದ ಕೋಣೆ ಎದ್ದಿತು.

ತೊಂದರೆ ಶುರುವಾದದ್ದು ನೆಲಕ್ಕೆ ಕಾಂಕ್ರೀಟು ಹಾಕಿದ ದಿನ. ನಮ್ಮ ಕಡೆ ಕಾಂಕ್ರೀಟೆಂದರೆ ಅರ್ಧ ಕೆಲಸ, ಅರ್ಧ ಜಂಬರ, ಮನೆಯ ಸಮಾರಂಭ. ಅಕ್ಕಪಕ್ಕದವರು ಬರುತ್ತಾರೆ, ಪಾಯಸ ಆಗಲೇಬೇಕು. ಕೆಲಸದವರೆಲ್ಲ ನಮ್ಮೊಟ್ಟಿಗೇ ಒಂದೇ ಪಂಕ್ತಿಯಲ್ಲಿ ಕೂರಬೇಕೆಂದು ನಾನು ಹಟ ಹಿಡಿದೆ. ಊಟಕ್ಕೆ ಏಳುವಾಗ ಕಾಂಕ್ರೀಟು ಅರ್ಧ ಕೋಣೆಯಲ್ಲಿ ಹರಡಿತ್ತು, ಅರ್ಧದಲ್ಲಿ ಗುಡ್ಡೆಯಾಗಿತ್ತು. ಇಪ್ಪತ್ತು ನಿಮಿಷದ ಊಟ ತಾನೇ ಎಂದುಕೊಂಡೆ. ಆದರೆ ಪಂಕ್ತಿಯ ತುದಿಯಲ್ಲಿ ಕೂತಿದ್ದವರು ನನ್ನ ದೊಡ್ಡಪ್ಪ. ಅವರದ್ದು ಆನೆ ನಡಿಗೆಯ ಊಟ. ಅನ್ನದ ನಂತರ ಪಾಯಸ, ಪಾಯಸದ ನಂತರ ಒಂದು ಹಳೆಯ ಕಥೆ, ಕಥೆಯ ನಂತರ ಇನ್ನೊಂದು ಸೌಟು ಪಾಯಸ. ಹಿರಿಯರು ಏಳದೆ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಕೈ ಒಣಗಿಸಿಕೊಂಡು ಎಲ್ಲರೂ ಕೂತೆವು. ಅಲ್ಲಿ ಕಾಂಕ್ರೀಟು ಯಾರಿಗೂ ಕಾಯದೆ ತನ್ನ ಪಾಡಿಗೆ ಗಟ್ಟಿಯಾಯಿತು. ಎದ್ದು ಹೋಗಿ ನೋಡಿದರೆ ಕೋಣೆಯ ನಡುವೆ ಒಂದು ಕುಮಾರಪರ್ವತ, ಮೂಲೆಯಲ್ಲೊಂದು ಕೆರೆ.

ಟೈಲ್ಸ್ ಹಾಕಲು ನೆಲ್ಯಾಡಿಯಿಂದ ಬಿಜು ಬಂದ. ಮಾತುಗಾರ ಮನುಷ್ಯ, ಕೆಲಸಕ್ಕಿಂತ ಮೊದಲು ಅವನ ಅಭಿಪ್ರಾಯ ಬರುತ್ತದೆ. ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟ. ಅದು ಏತದ ಹಾಗೆ ತೂಗಿತು. ತಂತಿಯ ಚಾಪೆಯಡಿ ಎಲ್ಲಿಯೂ ಪೊಳ್ಳು ಇರಬಾರದಂತೆ, ಇದ್ದರೆ ಅಲ್ಲಿ ತಂತಿ ಕಾದು ಸುಟ್ಟುಹೋಗುತ್ತದಂತೆ. ಸುಟ್ಟರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ನೆಲ ಮಟ್ಟವಾಗದಿದ್ದರೆ ಶಾರದೆಯ ತರಗತಿ ಈ ಚಳಿಗಾಲಕ್ಕೂ ಇಲ್ಲ. ಅಡುಗೆಮನೆಯಲ್ಲಿ ಗುನುಗುವುದನ್ನು ಅವಳು ಅವತ್ತು ಬಿಟ್ಟಳು.

ಬಿಜು ಗ್ರೈಂಡರಿನಿಂದ ಪರ್ವತವನ್ನು ಸವೆಸಿದ. ಎದ್ದ ಧೂಳಿನಲ್ಲಿ ನಾನು ಎರಡು ದಿನ ಮುದುಕನಂತೆ ಕಂಡೆನೆಂದು ಶಾರದೆ ಹೇಳಿದಳು. ಧೂಳನ್ನು ಒಂದು ಕಣವೂ ಉಳಿಯದಂತೆ ಗುಡಿಸಿ, ವ್ಯಾಕ್ಯೂಮಿನಿಂದ ಹೀರಿ, ಮೇಲಿನ ಪದರ ಹಿಡಿದುಕೊಳ್ಳಲೆಂದು ಹಾಲಿನಂಥ ಪ್ರೈಮರ್ ಬಳಿದದ್ದಾಯಿತು. ಇನ್ನು ಉಳಿದದ್ದು ತನ್ನಷ್ಟಕ್ಕೆ ತಾನೇ ಮಟ್ಟವಾಗುವ ಒಂದು ಬಗೆಯ ಸಿಮೆಂಟು. ನೀರುದೋಸೆ ಹಿಟ್ಟಿನಂತೆ ತೆಳ್ಳಗೆ ಕಲಸಿ ಹೊಯ್ದರೆ ಅದೇ ಹರಿದು ಹೋಗಿ ಹೊಂಡ ತುಂಬಿಸಿ ನಿಲ್ಲುತ್ತದೆ. ಇಷ್ಟು ವಿವೇಕವಿರುವ ವಸ್ತುವನ್ನು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲೂ ಕಂಡಿಲ್ಲ. ಷರತ್ತು ಒಂದೇ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ.

ಮೊದಲನೆಯ ಬಕೆಟು ಹೊಯ್ದದ್ದಷ್ಟೇ, ಗೇಟಿನಲ್ಲಿ ದೊಡ್ಡಪ್ಪ. ಸುಬ್ರಹ್ಮಣ್ಯಕ್ಕೆ ಹೋಗಿ ಬರುವ ದಾರಿಯಲ್ಲಿ ಇಳಿದರಂತೆ. ಊಟದ ಹೊತ್ತು. ಇವತ್ತು ಪಂಕ್ತಿಗಿಂಕ್ತಿ ಏನೂ ಇಲ್ಲವೆಂದು ಮನಸ್ಸಿನಲ್ಲೇ ಶಪಥ ಮಾಡಿ, ಅವರೊಬ್ಬರಿಗೇ ಜಗಲಿಯಲ್ಲಿ ಎಲೆ ಹಾಕಿದೆ. ಅವರು ಎಲೆ ನೋಡಿದರು, ನನ್ನನ್ನು ನೋಡಿದರು.

"ಒಬ್ಬನೇ ಉಣ್ಣುದು ಹೇಗೆ ಮಾರಾಯ? ನೀನು ಸಹ ಕೂತ್ಕೋ."

ಕಲಸುವ ಕೋಲು ನನ್ನ ಕೈಯಲ್ಲಿತ್ತು. ಶಾರದೆ ಬಂದು ಅದನ್ನು ತೆಗೆದುಕೊಂಡಳು, ಸೀರೆಯ ಸೆರಗು ಸಿಕ್ಕಿಸಿಕೊಂಡು ಬಕೆಟಿನ ಮುಂದೆ ಕೂತಳು. ಹಿಟ್ಟಿನ ಹದ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಕಲಸಿದಳು, ಬಿಜು ಹೊಯ್ದ, ನಾನು ಜಗಲಿಯಲ್ಲಿ ಕೂತು ಉಂಡೆ. ದೊಡ್ಡಪ್ಪನ ಕಥೆ ಮುಗಿದು ನಾವು ಕೈ ತೊಳೆದು ಬಂದಾಗ ಕೋಣೆಯ ನೆಲ ಗಾಳಿಯಿಲ್ಲದ ದಿನದ ಕೆರೆಯಂತೆ ನಿಂತಿತ್ತು. ನಾನು ಕೈಹಾಕದ ಕೆಲಸಗಳು ನಮ್ಮ ಮನೆಯಲ್ಲಿ ಚೆನ್ನಾಗಿಯೇ ಆಗುತ್ತವೆ ಎಂಬುದಕ್ಕೆ ಇದು ಮೊದಲ ಸಾಕ್ಷಿಯೇನಲ್ಲ. ನನಗೆ ಬೇಸರವಾಗಬೇಕಿತ್ತು. ಬದಲಿಗೆ ಹಿಗ್ಗಿಹೋದೆ.

ಆಮೇಲೆ ಶಾಖ ಕೆಳಗಿಳಿಯದಂತೆ ಹಲಗೆ, ಅದರ ಮೇಲೆ ತಂತಿಯ ಚಾಪೆ, ಅದರ ಮೇಲೆ ಗೋಂದು, ಗೋಂದಿನ ಮೇಲೆ ಟೈಲ್ಸ್. ಎಲ್ಲವೂ ಒಣಗುವ ತನಕ ಸ್ವಿಚ್ ಮುಟ್ಟಬಾರದೆಂದು ಹೇಳಿ ಬಿಜು ಹೋದ. ನಾನು ದಿನಾ ಬೆಳಗ್ಗೆ ಹೋಗಿ ಸ್ವಿಚ್ಚನ್ನು ನೋಡಿ ಬರುತ್ತಿದ್ದೆ. ಅವಳೂ ಹಾಗೇ ಮಾಡುತ್ತಿದ್ದಳೆಂದು ಬಾಗಿಲಲ್ಲಿ ಒಮ್ಮೆ ಡಿಕ್ಕಿ ಹೊಡೆದಾಗ ಗೊತ್ತಾಯಿತು.

ತರಗತಿ ಮತ್ತೆ ಶುರುವಾದ ಮುಂಜಾನೆ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಮಕ್ಕಳು ನೆಲ ಮುಟ್ಟಿದವರೇ ಕೂರುವ ಬದಲು ಮಲಗಿಬಿಟ್ಟರು. ಅವರನ್ನು ಎಬ್ಬಿಸಿ ಕೂರಿಸಿ ಶ್ರುತಿ ಹಿಡಿಸುವಷ್ಟರಲ್ಲಿ ಕರೆಂಟು ಹೋಯಿತು. ನಾನು ಟಾರ್ಚ್ ಹಿಡಿದು ಓಡಿದೆ. ಇನ್ವರ್ಟರಿಗೆ ಈ ಚಾಪೆಯ ಭಾರ ಹೊರಲಾಗದು, ನೆಲ ಇನ್ನು ಸ್ವಲ್ಪ ಹೊತ್ತಷ್ಟೇ ಬೆಚ್ಚಗಿರುವುದು ಎಂದು ಬಾಗಿಲಲ್ಲಿ ನಿಂತು ವಿವರಿಸತೊಡಗಿದೆ. ಶಾರದೆ ತೊಡೆಯ ಮೇಲಿನ ತಾಳ ನಿಲ್ಲಿಸಲಿಲ್ಲ.

"ಹಾಡುದು ನಾವಲ್ವಾ, ಕರೆಂಟಲ್ಲ. ನೀವು ಸಹ ಕೂತ್ಕೊಳ್ಳಿ."

ಕೂತೆ. ಕತ್ತಲೆಯಲ್ಲಿ ಮಕ್ಕಳ ಸರಳೆವರಸೆ ಒಂದೊಂದೇ ಸ್ವರ ಹತ್ತಿ ಇಳಿಯಿತು. ಅವಳ ದನಿ ಎಲ್ಲರ ದನಿಯ ಅಡಿಯಲ್ಲಿ ಇತ್ತು. ಒಂದು ವರ್ಷದಿಂದ ನಾನು ಏನನ್ನು ಕೇಳದೆ ಇದ್ದೆನೆಂದು ಆಗ ತಿಳಿಯಿತು, ಕಣ್ಣು ತೇವವಾಯಿತು. ಕತ್ತಲೆಗೆ ಅದೊಂದು ಉಪಕಾರದ ಗುಣ ಉಂಟು. ಬೆಳಕು ಹರಿದು ಶಾಲೆಯ ಬಸ್ಸು ಹಾರ್ನ್ ಹಾಕುವ ತನಕ ಪಾಠ ನಡೆಯಿತು. ನೆಲ ತಣ್ಣಗಾಯಿತೇ ಎಂದು ಕೇಳಿದೆ. "ನಾನು ನೋಡ್ಲೇ ಇಲ್ಲ" ಎಂದಳು ಶಾರದೆ. ಕಾಲು ಸುಖವಾಗಿರುವಾಗ ಕಾಲಿನ ನೆನಪಾದರೂ ಯಾಕೆ ಬರಬೇಕು? ಅಷ್ಟರಲ್ಲಿ ಒಬ್ಬಳು ಹುಡುಗಿ ಬ್ಯಾಗು ಬಿಟ್ಟು ಹೋದದ್ದು ಕಣ್ಣಿಗೆ ಬಿತ್ತು. ನಾನು ಏಳುವ ಮೊದಲೇ ಶಾರದೆ ಅದನ್ನೆತ್ತಿಕೊಂಡು ಬಸ್ಸಿನ ಹಿಂದೆ ಓಡಿದಳು.